ಮೊಸಳೆಯ ಜೋಡಿ ಗುಡಿಗಳು: ಹಾಸನದಲ್ಲಿ ಎರಡು ರಾತ್ರಿ ತಂಗುವವರಿಗೆ

ಹಾಸನ ಜಿಲ್ಲೆಯ ಪ್ರವಾಸವೆಂದೊಡನೆ ನೆನಪಾಗುವುದು ಬೇಲೂರು, ಹಳೇಬೀಡು ಮತ್ತು ಶ್ರವಣಬೆಳಗೊಳ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ನಡುರಾತ್ರಿಗೆ ಮನೆ ಸೇರುವ ಪರಿಪಾಠ ದಶಕಗಳಿಂದ ನಡೆದುಬಂದಿದೆ. ಈ ಓಟದಲ್ಲಿ ತಪ್ಪಿಹೋಗುವ ಊರುಗಳಲ್ಲಿ ಮೊದಲನೆಯದು ಮೊಸಳೆ. ಹಾಸನ ನಗರದಿಂದ ಹೊಳೆನರಸೀಪುರದ ಕಡೆಗೆ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿರುವ ಈ ಹಳ್ಳಿಯಲ್ಲಿ ನಾಗೇಶ್ವರ ಮತ್ತು ಚೆನ್ನಕೇಶವ ಎಂಬ ಎರಡು ಹೊಯ್ಸಳ ದೇಗುಲಗಳು ಅವಳಿಗಳಂತೆ ಅಕ್ಕಪಕ್ಕದಲ್ಲಿ ನಿಂತಿವೆ. ಇವು ಪ್ರವಾಸಿಗರ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ದೂರವೂ ಅಲ್ಲ, ದಾರಿಯೂ ಅಲ್ಲ. ಹಾಸನದಲ್ಲಿ ರಾತ್ರಿ ತಂಗುವವರ ಸಂಖ್ಯೆ ಕಡಿಮೆ, ತಂಗಿದವರೂ ಮರುದಿನ ಬೆಳಿಗ್ಗೆ ವಾಹನವನ್ನು ಬೇಲೂರಿನತ್ತಲೇ ತಿರುಗಿಸುತ್ತಾರೆ. ಎಲ್ಲಿ, ಎಷ್ಟು ರಾತ್ರಿ ಕೋಣೆ ಕಾದಿರಿಸಲಾಗಿದೆ ಎಂಬುದೇ ಏನನ್ನು ನೋಡುತ್ತೇವೆ ಎಂಬುದನ್ನೂ ತೀರ್ಮಾನಿಸಿಬಿಡುತ್ತದೆ.

ಹೆಸರಿನ ಬಗೆಗೆ ಒಂದು ಮಾತು. ಊರಿನ ಹೆಸರು ಕೇಳಿ ಕೆರೆಯಲ್ಲಿ ಮೊಸಳೆ ಇದೆಯೇ ಎಂದು ಮಕ್ಕಳು ವಿಚಾರಿಸುವುದು ಸಹಜ. ಆ ನಿರೀಕ್ಷೆಯಲ್ಲಿ ಅವರನ್ನು ಕರೆದೊಯ್ಯುವುದು ಬೇಡ. ದೊಡ್ಡವರಿಗೆ ಬೇರೆಯೇ ಗೊಂದಲ. ಹೆದ್ದಾರಿಯ ಫಲಕದಲ್ಲಿಯೂ ರೈಲು ನಿಲ್ದಾಣದಲ್ಲಿಯೂ ಕಾಣುವ ಹೆಸರು ಮೊಸಳೆಹೊಸಹಳ್ಳಿ. ದೇವಾಲಯಗಳಿರುವುದು ಅಲ್ಲಲ್ಲ, ಅಲ್ಲಿಂದ ಒಳಕ್ಕಿರುವ ಮೂಲ ಮೊಸಳೆಯಲ್ಲಿ. ಬಸ್ ನಿರ್ವಾಹಕರಿಗಾಗಲೀ ಬಾಡಿಗೆ ಕಾರಿನ ಚಾಲಕರಿಗಾಗಲೀ ‘ಮೊಸಳೆ ದೇವಸ್ಥಾನ’ ಎಂದೇ ಬಿಡಿಸಿ ಹೇಳುವುದು ಲೇಸು.

ಮೊದಲು ಮೊಸಳೆ, ಆಮೇಲೆ ಬೇಲೂರು

ಈ ಎರಡು ಗುಡಿಗಳು ಕ್ರಿ.ಶ. 1200ರ ಆಸುಪಾಸಿನವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅದು ಇಮ್ಮಡಿ ವೀರಬಲ್ಲಾಳನ (1173-1220) ಆಳ್ವಿಕೆಯ ಕಾಲ. ದಕ್ಷಿಣಕ್ಕಿರುವುದು ಶಿವನ ಗುಡಿ, ಉತ್ತರಕ್ಕಿರುವುದು ವಿಷ್ಣುವಿನದು. ಎರಡೂ ಏಕಕೂಟಗಳು, ಎರಡೂ ಬಳಪದ ಕಲ್ಲಿನವು, ಅಳತೆ ಮತ್ತು ವಿನ್ಯಾಸಗಳಲ್ಲಿ ಬಹುಮಟ್ಟಿಗೆ ಒಂದೇ. ನಡುವಿನ ಅಂತರ ಕೆಲವೇ ಅಡಿಗಳಷ್ಟು. ಹೊಯ್ಸಳ ಶಿಲ್ಪಿಗಳು ಒಂದೇ ಕಟ್ಟಡದಲ್ಲಿ ಎರಡು ಗರ್ಭಗುಡಿಗಳನ್ನು ಜೋಡಿಸಿದ ದ್ವಿಕೂಟಗಳು ನಾಡಿನಲ್ಲಿ ಸಾಕಷ್ಟಿವೆ. ಇಲ್ಲಿ ಹಾಗೆ ಜೋಡಿಸದೆ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎರಡು ಪೂರ್ಣ ದೇಗುಲಗಳನ್ನೇ ಪಕ್ಕಪಕ್ಕದಲ್ಲಿ ಕಟ್ಟಲಾಗಿದೆ. ಶಿವನ ಗುಡಿಯಲ್ಲಿ ವಿಷ್ಣುವಿಗೆ, ವಿಷ್ಣುವಿನ ಗುಡಿಯಲ್ಲಿ ಶಿವನಿಗೆ ಸ್ಥಾನವಿದೆ. ದೇವಿಯ ರೂಪಗಳು ಎರಡರಲ್ಲಿಯೂ ಇವೆ.

ಮೊಸಳೆಯನ್ನು ಬೇಲೂರು, ಹಳೇಬೀಡುಗಳಿಗಿಂತ ಮೊದಲು ನೋಡಬೇಕೆನ್ನಲು ಬಲವಾದ ಕಾರಣವೊಂದಿದೆ. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಇಂದು ಶಿಖರವಿಲ್ಲ. ಬೇಲೂರಿನ ಚೆನ್ನಕೇಶವನ ಮೇಲಿದ್ದ ಇಟ್ಟಿಗೆ-ಮರದ ಶಿಖರವನ್ನು ಕಟ್ಟಡದ ಸುರಕ್ಷತೆಗಾಗಿ 19ನೇ ಶತಮಾನದ ಉತ್ತರಾರ್ಧದಲ್ಲಿ ಇಳಿಸಲಾಯಿತು. ನಾಡಿನ ಅತಿ ಪ್ರಸಿದ್ಧವಾದ ಎರಡು ಹೊಯ್ಸಳ ದೇಗುಲಗಳನ್ನು ಕಂಡವರು ತಲೆಯಿಲ್ಲದ ಕಟ್ಟಡಗಳನ್ನೇ ಹೊಯ್ಸಳ ಶೈಲಿಯೆಂದು ನಂಬಿ ಮರಳುತ್ತಾರೆ. ಮೊಸಳೆಯಲ್ಲಿ ಎರಡೂ ಕಲ್ಲಿನ ಶಿಖರಗಳು ಉಳಿದುಕೊಂಡಿವೆ. ಅವುಗಳ ಮುಂದಕ್ಕೆ ಚಾಚಿದ ಸುಕನಾಸಿಗಳೂ ಇವೆ. ತಳಪಾಯದಿಂದ ತುದಿಯವರೆಗೆ ಒಂದು ಹೊಯ್ಸಳ ಗುಡಿ ಹೇಗಿರುತ್ತಿತ್ತು ಎಂಬುದನ್ನು ಇಲ್ಲಿ ಒಂದೇ ನೋಟದಲ್ಲಿ ಗ್ರಹಿಸಬಹುದು. ಗುಡಿಗಳು ಚಿಕ್ಕವಾದ್ದರಿಂದ ಕಣ್ಣು ಬಳಲುವುದಿಲ್ಲ. ಇಲ್ಲಿ ಒಂದು ಗಂಟೆ ಕಳೆದವರಿಗೆ ಬೇಲೂರಿನ ಭಿತ್ತಿ ಬೇರೆಯಾಗಿಯೇ ಕಾಣುತ್ತದೆ.

ಎರಡನೆಯ ಕಾರಣ ಬೆಳಕು. ಗುಡಿಗಳು ಪೂರ್ವಾಭಿಮುಖವಾಗಿವೆ. ಒಳಗಿನ ನವರಂಗದಲ್ಲಿ ತಿರುಗಣೆಯಲ್ಲಿ ಕಡೆದಂತಹ ನುಣುಪು ಕಂಬಗಳಿವೆ, ಮೇಲೆ ಭುವನೇಶ್ವರಿಗಳಿವೆ. ಮೊಸಳೆಯ ನಿಜವಾದ ಸಿರಿಯಿರುವುದು ಈ ಮೇಲ್ಛಾವಣಿಯ ಕೆತ್ತನೆಗಳಲ್ಲಿ. ಬೆಳಗಿನ ಬಿಸಿಲು ಬಾಗಿಲಿನಿಂದ ಒಳಗೆ ಬಂದು ನೆಲದಿಂದ ಮೇಲಕ್ಕೆ ಚಿಮ್ಮುವ ಹೊತ್ತಿನಲ್ಲಿ ಅವು ತಕ್ಕಮಟ್ಟಿಗೆ ಕಾಣುತ್ತವೆ. ಮಧ್ಯಾಹ್ನ ಕಳೆದ ಮೇಲೆ ಕತ್ತಲೆಯೇ. ಬೆಂಗಳೂರಿನಿಂದ ಅದೇ ದಿನ ಹೊರಟು ಬಂದವರಿಗೆ ಈ ಹೊತ್ತು ದಕ್ಕುವುದಿಲ್ಲ. ಹಾಸನದಲ್ಲಿ ಮಲಗಿ ಎದ್ದವರಿಗೆ ಅರ್ಧ ಗಂಟೆಯ ಪಯಣ. ಹೇಗಿದ್ದರೂ ಕೈಯಲ್ಲೊಂದು ಟಾರ್ಚ್ ಇರಲಿ.

ತಂಗುವುದು ಎಲ್ಲಿ?

ಮೊಸಳೆಯಲ್ಲಿ ಪ್ರವಾಸಿಗರು ನೆಚ್ಚಿಕೊಳ್ಳಬಹುದಾದ ವಸತಿಗೃಹಗಳಿಲ್ಲ. ಊಟದ ಹೋಟೆಲನ್ನೂ ನಿರೀಕ್ಷಿಸದಿರುವುದು ಒಳ್ಳೆಯದು. ಹಾಸನದಲ್ಲಿಯೇ ತಿಂಡಿ ಮುಗಿಸಿ, ನೀರು ತುಂಬಿಕೊಂಡು ಹೊರಡಬೇಕು. ತಂಗಲು ಆಯ್ಕೆಗಳು ಮುಖ್ಯವಾಗಿ ಮೂರು: ಹಾಸನ, ಬೇಲೂರು, ಶ್ರವಣಬೆಳಗೊಳ. ಬೇಲೂರಿನಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಮಯೂರ ವೇಲಾಪುರಿ’ ಇದೆ, ದೇವಾಲಯಕ್ಕೆ ಸಮೀಪ. ಸಂಜೆಯ ಪೂಜೆಯನ್ನು ನೆಮ್ಮದಿಯಿಂದ ನೋಡಬಯಸುವವರಿಗೆ ಅದು ಅನುಕೂಲ. ಶ್ರವಣಬೆಳಗೊಳದಲ್ಲಿ ಯಾತ್ರಿಕರಿಗಾಗಿ ಅತಿಥಿಗೃಹಗಳಿವೆ, ಖರ್ಚು ಕಡಿಮೆ, ಶಿಸ್ತು ಹೆಚ್ಚು. ಆದರೆ ಇವೆರಡೂ ಜಿಲ್ಲೆಯ ವಿರುದ್ಧ ದಿಕ್ಕುಗಳಲ್ಲಿವೆ. ಒಂದರಲ್ಲಿ ತಂಗಿದರೆ ಇನ್ನೊಂದು ದೂರ, ಮೊಸಳೆಯಂತೂ ಎರಡಕ್ಕೂ ದೂರ. ನಡುವಿನಲ್ಲಿರುವುದು ಹಾಸನ ನಗರವೇ. ಅಲ್ಲಿಂದ ಹಳೇಬೀಡಿಗೆ ಸುಮಾರು 30, ಬೇಲೂರಿಗೆ ಸುಮಾರು 40, ಶ್ರವಣಬೆಳಗೊಳಕ್ಕೆ ಸುಮಾರು 50 ಕಿಲೋಮೀಟರ್.

ಹಾಸನವನ್ನು ತಂಗುದಾಣವಾಗಿಸಿಕೊಳ್ಳುವುದು ಹೊಸ ಆಲೋಚನೆಯೇನಲ್ಲ. ವಿದೇಶಿ ಪ್ರವಾಸಿಗರಿಗೆಂದೇ ಕೇಂದ್ರ ಸರ್ಕಾರದ ಐಟಿಡಿಸಿ ಇಲ್ಲಿ ‘ಹಾಸನ ಅಶೋಕ’ ಹೋಟೆಲನ್ನು ನಡೆಸುತ್ತಿತ್ತು; 2001-02ರ ಬಂಡವಾಳ ಹಿಂತೆಗೆತದ ಅಲೆಯಲ್ಲಿ ಅದು ಖಾಸಗಿಯವರ ಪಾಲಾಯಿತು. ಇಂದು ಬೆಂಗಳೂರು-ಮಂಗಳೂರು ರಸ್ತೆಯ ಆಸುಪಾಸಿನಲ್ಲಿ ಸಾಧಾರಣ ಲಾಡ್ಜ್‌ಗಳಿಂದ ಹಿಡಿದು ತಾರಾ ಹೋಟೆಲುಗಳವರೆಗೆ ಎಲ್ಲವೂ ದೊರೆಯುತ್ತವೆ. ನಗರದಾಚೆಗೆ ಬೇಲೂರು ರಸ್ತೆಯಲ್ಲಿ ರೆಸಾರ್ಟುಗಳೂ ಇವೆ.

ಕೋಣೆ ಕಾದಿರಿಸುವಾಗ ಗಮನಿಸಬೇಕಾದ ಸಂಗತಿಗಳಲ್ಲಿ ಹಲವರು ಎಡವುವುದು ಸಮಯದ ಲೆಕ್ಕದಲ್ಲಿ. ದೊಡ್ಡ ಹೋಟೆಲುಗಳಲ್ಲಿ ಮಧ್ಯಾಹ್ನ 12ಕ್ಕೆ ದಿನ ಆರಂಭವಾದರೆ, ಅನೇಕ ಲಾಡ್ಜ್‌ಗಳಲ್ಲಿ ಬಂದ ಹೊತ್ತಿನಿಂದ 24 ಗಂಟೆ. ಶುಕ್ರವಾರ ರಾತ್ರಿ 9ಕ್ಕೆ ಬಂದು ಭಾನುವಾರ ಮುಂಜಾನೆ ಹೊರಡುವವರಿಗೆ ಎರಡೂ ಪದ್ಧತಿಗಳಲ್ಲಿ ಎರಡು ದಿನಗಳ ಬಾಡಿಗೆಯೇ. ಬೆಳಗಿನ ರೈಲಿನಲ್ಲಿ ಬಂದಿಳಿಯುವವರಿಗೆ ಮೊದಲನೆಯದು ತಲೆನೋವು. ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೇಳಬಹುದು. ದೂರವಾಣಿಯಲ್ಲಿಯೇ ಇದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಹೆದ್ದಾರಿಗೆ ಮುಖಮಾಡಿದ ಕೋಣೆಗಳಲ್ಲಿ ರಾತ್ರಿಯಿಡೀ ಲಾರಿಗಳ ಸದ್ದು. ಹಿಂಭಾಗದ ಕೋಣೆ ಕೇಳಿ ಪಡೆಯುವುದರಲ್ಲಿ ಸಂಕೋಚ ಸಲ್ಲದು. ಲಗ್ನದ ತಿಂಗಳುಗಳಲ್ಲಿ ಕಲ್ಯಾಣ ಮಂಟಪ ಹೊಂದಿಕೊಂಡಿರುವ ಹೋಟೆಲುಗಳನ್ನು ದೂರವಿಡುವುದು ನಿದ್ದೆಗೆ ಕ್ಷೇಮ. ‘ಬಡವರ ಊಟಿ’ ಎಂದು ಕರೆಸಿಕೊಂಡ ಊರಿದು. ಬೇಸಿಗೆಯ ಕೆಲವು ವಾರಗಳನ್ನು ಬಿಟ್ಟರೆ ಹವಾನಿಯಂತ್ರಣಕ್ಕೆ ಹೆಚ್ಚುವರಿ ಹಣ ತೆರುವ ಅಗತ್ಯ ಕಾಣುವುದಿಲ್ಲ.

ತೆರಿಗೆಯ ವಿಷಯದಲ್ಲಿ ಪ್ರವಾಸಿಗರಿಗೆ ಸ್ವಲ್ಪ ಸಮಾಧಾನವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅದಕ್ಕಿಂತ ಮೇಲಿನ ಬಾಡಿಗೆಗೆ ಶೇ. 18. ಹಾಸನದ ಬಹುಪಾಲು ಕೋಣೆಗಳು ಮೊದಲ ವರ್ಗದಲ್ಲಿಯೇ ಬರುವುದರಿಂದ ಬಿಲ್ಲಿನಲ್ಲಿ ಹಳೆಯ ದರ ನಮೂದಾಗಿದ್ದರೆ ಪ್ರಶ್ನಿಸಬಹುದು. ಪ್ರತಿಯೊಬ್ಬ ವಯಸ್ಕರ ಗುರುತಿನ ಚೀಟಿ ಜೊತೆಯಲ್ಲಿರಲಿ. ವಿದೇಶದಲ್ಲಿ ನೆಲೆಸಿ ಅಲ್ಲಿನ ಪಾಸ್‌ಪೋರ್ಟ್ ಪಡೆದಿರುವ ಕನ್ನಡಿಗರು ರಜೆಗೆ ಬಂದಾಗ ಒಂದು ತೊಡಕು ಎದುರಾಗುವುದುಂಟು. ವಿದೇಶಿ ಪೌರರು ತಂಗಿದ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸುವ ಹೊಣೆ ಹೋಟೆಲಿನದು. ಆ ವ್ಯವಸ್ಥೆಯಿಲ್ಲದ ಚಿಕ್ಕ ಲಾಡ್ಜ್‌ಗಳು ಕೋಣೆಯನ್ನೇ ನಿರಾಕರಿಸಬಹುದು. ಮನೆಯವರ ಹೆಸರಿನಲ್ಲಿ ಕಾದಿರಿಸಿ ಬಾಗಿಲಲ್ಲಿ ಮುಜುಗರಪಡುವುದಕ್ಕಿಂತ ಮೊದಲೇ ತಿಳಿಸುವುದು ವಾಸಿ.

ಯಾವಾಗ ಬರಬಾರದು?

ಹಾಸನಾಂಬ ದೇವಿಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆಯ ಅನಂತರದ ಗುರುವಾರ ತೆರೆದು ಬಲಿಪಾಡ್ಯಮಿಯ ಹೊತ್ತಿಗೆ ಮುಚ್ಚುತ್ತದೆ. ಅಕ್ಟೋಬರ್-ನವೆಂಬರ್‌ನ ಈ ದಿನಗಳಲ್ಲಿ ಲಕ್ಷಾಂತರ ಭಕ್ತರು ನಗರಕ್ಕೆ ಬರುತ್ತಾರೆ. ದೇವಿಯ ದರ್ಶನವೇ ಉದ್ದೇಶವಾದರೆ ಸರಿ, ಶಿಲ್ಪ ನೋಡುವ ಇರಾದೆಯಿದ್ದವರು ಆ ಪಕ್ಷವನ್ನು ಬಿಟ್ಟುಬಿಡುವುದೇ ಮೇಲು. ಕೋಣೆಯೂ ಸಿಗದು, ಸಿಕ್ಕರೆ ಬೆಲೆಯೂ ಕೈಗೆಟುಕದು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2018ರಲ್ಲಿ ನಡೆದಿದೆ. ಹನ್ನೆರಡು ವರ್ಷಗಳ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಕರಾವಳಿಯಿಂದ ಬರುವವರು ಮುಂಗಾರಿನಲ್ಲಿ ಶಿರಾಡಿ ಘಾಟಿಯ ಸುದ್ದಿಯನ್ನು ನೋಡಿಕೊಂಡೇ ಹೊರಡಬೇಕು. 2024ರ ಜುಲೈನಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ನಡುವಿನ ರೈಲು ಹಳಿಯೂ ಕುಸಿದು ಸಂಚಾರ ನಿಂತಿತ್ತು. ಅಂತಹ ದಿನಗಳಲ್ಲಿ ಹಣ ಹಿಂದಿರುಗಿಸುವ ಷರತ್ತಿನ ಮೇಲೆ ಕೋಣೆ ಕಾದಿರಿಸುವುದು ಜಾಣತನ.

ಎರಡು ದಿನಗಳ ಒಂದು ಕ್ರಮ

ಶುಕ್ರವಾರ ಸಂಜೆ ಹಾಸನ ಸೇರಿ, ಶನಿವಾರ ಬೆಳಿಗ್ಗೆ ಏಳೂವರೆಗೆ ಮೊಸಳೆಯಲ್ಲಿರುವಂತೆ ಹೊರಡುವುದು ಸೂಕ್ತ. ಇವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ರಾಷ್ಟ್ರೀಯ ಮಹತ್ವದ ಸ್ಮಾರಕಗಳು. ಬಾಗಿಲಿಗೆ ಬೀಗವಿದ್ದರೆ ನಿರಾಶರಾಗಿ ಹಿಂತಿರುಗದೆ ಊರಿನಲ್ಲಿ ವಿಚಾರಿಸಬೇಕು. ಹೊರಗೋಡೆಯನ್ನು ಸುತ್ತಿ, ಎರಡು ಗುಡಿಗಳ ನಡುವಿನ ಕಿರಿದಾದ ಓಣಿಯಲ್ಲಿ ನಿಂತು ಎಡಬಲ ಹೋಲಿಸುವ ಆಟ ಮಕ್ಕಳಿಗೂ ಹಿಡಿಸೀತು. ಹತ್ತು ಗಂಟೆಗೆ ಹಾಸನಕ್ಕೆ ಮರಳಿದರೆ ದಾರಿ ಬದಲಿಸಿ ಕೋರವಂಗಲದ ಬೂಚೇಶ್ವರವನ್ನು (1173) ನೋಡಲು ಸಮಯವಿರುತ್ತದೆ. ಅದೂ ನಗರದಿಂದ ಹತ್ತು ಕಿಲೋಮೀಟರಿನ ಆಸುಪಾಸು, ಅರಸೀಕೆರೆಯ ಕಡೆಗೆ. ಮಧ್ಯಾಹ್ನ ಹಳೇಬೀಡು, ಇಳಿಹೊತ್ತಿಗೆ ಬೇಲೂರು. ಭಾನುವಾರ ಬೇಗನೆ ಕೋಣೆ ಬಿಟ್ಟು ಶ್ರವಣಬೆಳಗೊಳಕ್ಕೆ ಹೊರಡಬೇಕು. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕಾದ್ದರಿಂದ ಬಂಡೆ ಕಾಯುವ ಮುನ್ನ ಇಳಿದುಬಿಡುವುದು ಕ್ಷೇಮಕರ. ಶಕ್ತಿ ಉಳಿದವರಿಗೆ ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ (1246) ಇದೆ.

ಮೂರನೆಯ ದಿನವಿದ್ದವರು ಮೊಸಳೆಯಿಂದ ಹಿಂತಿರುಗದೆ ಅದೇ ರಸ್ತೆಯಲ್ಲಿ ಮುಂದುವರಿಯಬಹುದು. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹನ ತ್ರಿಕೂಟ ದೇವಾಲಯವಿದೆ. ಅಲ್ಲಿಂದ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದರೆ ಕಾವೇರಿಯಲ್ಲಿ ದೇವರ ಮೀನುಗಳ ದರ್ಶನ.

ಯುನೆಸ್ಕೋ ಪಟ್ಟಿಯ ನೆರಳಿನಲ್ಲಿ

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದು ಸಂತಸದ ಸಂಗತಿಯೇ. ಆದರೆ ಪಟ್ಟಿಗೆ ಸೇರಿದ ತಾಣಗಳತ್ತ ಜನ ಮತ್ತಷ್ಟು ಹರಿಯುವುದೂ, ಹೊರಗುಳಿದವು ಮತ್ತಷ್ಟು ಮರೆಯಾಗುವುದೂ ಒಟ್ಟಿಗೇ ಆಗುತ್ತದೆ. ಈ ಬಗೆಯ ಅಸಮತೋಲನಕ್ಕೆ ದೂರದ ಉದಾಹರಣೆಯೊಂದಿದೆ. ಮೆಡಿಟರೇನಿಯನ್ ವಲಯದ ಪುರಾತನ ಬಂದರು ನಗರ ವೆನಿಸ್, ಬೆಳಿಗ್ಗೆ ಬಂದು ಸಂಜೆ ಹೋಗುವವರ ದಟ್ಟಣೆ ತಾಳಲಾರದೆ 2024ರ ಏಪ್ರಿಲ್ 25ರಿಂದ ಆಯ್ದ ದಿನಗಳಂದು ಅಂತಹವರಿಗೆ ಐದು ಯೂರೋ ಪ್ರವೇಶ ಶುಲ್ಕ ವಿಧಿಸಿತು. ರಾತ್ರಿ ಹೋಟೆಲಿನಲ್ಲಿ ತಂಗುವವರಿಗೆ ವಿನಾಯಿತಿ. ಅವರು ಹೇಗೂ ವಸತಿಯ ಮೂಲಕ ನಗರಕ್ಕೆ ತೆರಿಗೆ ಕೊಡುತ್ತಾರೆ. ಊರಿಗೆ ಪ್ರಯೋಜನವಾಗುವುದು ತಂಗುವ ಅತಿಥಿಯಿಂದ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಮೊಸಳೆಯ ಸಮಸ್ಯೆ ವೆನಿಸ್‌ನದಕ್ಕೆ ತದ್ವಿರುದ್ಧ. ಇಲ್ಲಿ ನೂಕುನುಗ್ಗಲಿಲ್ಲ, ಅಂಗಡಿಯಿಲ್ಲ, ಬಂದವರು ಖರ್ಚು ಮಾಡಲು ಏನೂ ಇಲ್ಲ. ಎಂಟು ಶತಮಾನಗಳ ಗುಡಿಗಳನ್ನು ಇಟ್ಟುಕೊಂಡ ಹಳ್ಳಿಗೆ ಅವುಗಳಿಂದ ಒಂದು ಲೋಟ ಕಾಫಿಯ ವ್ಯಾಪಾರವೂ ಹುಟ್ಟದಿದ್ದರೆ ಹೊಸ ಪೀಳಿಗೆ ಅವುಗಳನ್ನು ತನ್ನದೆಂದು ಭಾವಿಸುವುದಾದರೂ ಹೇಗೆ? ಅಲ್ಲಿ ಒಂದೆರಡು ಎಳನೀರು ಕುಡಿದು, ಊರಿನವರೊಡನೆ ನಾಲ್ಕು ಮಾತಾಡಿ ಬರುವುದಕ್ಕೆ ಯಾವ ಯೋಜನೆಯೂ ಬೇಕಿಲ್ಲ.

ತಲುಪುವ ಬಗೆ

ಬೆಂಗಳೂರಿನಿಂದ ಹಾಸನ ರಸ್ತೆ ಮಾರ್ಗವಾಗಿ ಸುಮಾರು 185 ಕಿಲೋಮೀಟರ್. 2017ರ ಮಾರ್ಚ್‌ನಲ್ಲಿ ಕುಣಿಗಲ್-ಶ್ರವಣಬೆಳಗೊಳ ಮಾರ್ಗವಾಗಿ ನೇರ ರೈಲು ಆರಂಭವಾದ ಮೇಲೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿ ಬರುವ ಕಷ್ಟ ತಪ್ಪಿದೆ. ಮೊಸಳೆಹೊಸಹಳ್ಳಿ ನಿಲ್ದಾಣವಿರುವುದು ಮೈಸೂರು-ಹಾಸನ-ಅರಸೀಕೆರೆ ಮಾರ್ಗದಲ್ಲಿ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ವೇಳಾಪಟ್ಟಿ ನೋಡಿಕೊಳ್ಳಬೇಕು. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಅನ್ವಯಿಸುತ್ತದೆ. ಸ್ವಂತ ವಾಹನದಲ್ಲಿ ಹೋಗುವವರು ರಾತ್ರಿ ಪಯಣವನ್ನು ತಪ್ಪಿಸುವುದು ಒಳಿತು. 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ಹರಿದು ಹಲವು ಯುವಕರು ಜೀವ ಕಳೆದುಕೊಂಡದ್ದು ಇದೇ ಹೆದ್ದಾರಿಯಲ್ಲಿ. ಊರಿನೊಳಗೆ ವೇಗ ತಗ್ಗಿಸಿ, ಗುಡಿಯ ಮುಂದೆ ದಾರಿಗೆ ಅಡ್ಡವಾಗದಂತೆ ವಾಹನ ನಿಲ್ಲಿಸಬೇಕು.