ಮಲಿನ ನೆಲದಲ್ಲಿ ಪವನಶಕ್ತಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಕವಾನಾ ನಗರದಲ್ಲಿ, ಈರೀ ಸರೋವರದ ದಡದ ಬೆತ್ಲೆಹೆಮ್ ಕಾರ್ಖಾನೆಯು 1983ರಲ್ಲಿ ಉಕ್ಕಿನ ತಯಾರಿಕೆಯನ್ನು ನಿಲ್ಲಿಸಿತು. ಉಳಿದದ್ದು ಕಿಟ್ಟದ ರಾಶಿ ಹಾಗೂ ತ್ಯಾಜ್ಯದಿಂದ ಮಲಿನಗೊಂಡ ನೆಲ. 2007ರಲ್ಲಿ ಅಲ್ಲಿಯೇ ತಲಾ 2.5 ಮೆಗಾವಾಟ್ ಸಾಮರ್ಥ್ಯದ 8 ಗಾಳಿಯಂತ್ರಗಳು ಸ್ಥಾಪನೆಗೊಂಡವು. 2012ರಲ್ಲಿ ಇನ್ನೂ 6 ಸೇರಿದವು. ಸರೋವರದ ಗಾಳಿಯೊಡನೆ ಹಳೆಯ ರಸ್ತೆ, ವಿದ್ಯುತ್ ಮಾರ್ಗಗಳೂ ಒದಗಿಬಂದವು.

ಇಂತಹ ನೆಲದ ಮೌಲ್ಯಮಾಪನಕ್ಕೆ ಎರಡು ಮುಖಗಳಿವೆ. ಗಾಳಿಯ ವೇಗ ಇಮ್ಮಡಿಸಿದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಆದ್ದರಿಂದ ಎತ್ತರದ ಕಂಬದಲ್ಲಿ ಮಾಪಕಗಳನ್ನಿರಿಸಿ ಕನಿಷ್ಠ ಒಂದು ವರ್ಷ ಅಳೆಯುವುದು ವಾಡಿಕೆ. ಮಣ್ಣು ಹಾಗೂ ಅಂತರ್ಜಲದ ಪರೀಕ್ಷೆಯೂ ಅಷ್ಟೇ ಮುಖ್ಯ. ತಳಪಾಯಕ್ಕಾಗಿ ಅಗೆಯುವಾಗ ಹುದುಗಿದ್ದ ವಿಷವು ಮೇಲೆದ್ದು ನೆರೆಹೊರೆಯವರನ್ನು ತಲುಪಬಾರದು. ಗಾಳಿ ಎಷ್ಟೇ ಅನುಕೂಲವಾಗಿದ್ದರೂ, ನೆಲದ ವರದಿ ಕೈಸೇರುವ ಮುನ್ನ ಗುದ್ದಲಿ ಹಾಕುವುದು ಸಲ್ಲದು.