ಕಾರ್ತಿಕದ ಬುತ್ತಿ

ಮಳೆ ಹಿಂದೆಗೆದು, ಬಾನು ತಿಳಿಯಾಗಿ, ಹೊಲದ ಅಂಚಿನಲ್ಲಿ ಹುಚ್ಚೆಳ್ಳು ಹೂಬಿಟ್ಟಿತೆಂದರೆ ನಮ್ಮ ಮನೆಯಲ್ಲಿ ಬುತ್ತಿಯ ಮಾತು ಏಳುತ್ತಿತ್ತು. ಆಶ್ವಯುಜ, ಕಾರ್ತಿಕ ಎರಡು ಮಾಸಗಳು ಶರದೃತುವೆಂದು ಪಂಚಾಂಗ ಹೇಳುತ್ತದೆ. ಕವಿಗಳಿಗೆ ಅದು ಬೆಳುದಿಂಗಳ ಕಾಲ. ನಮಗೆ, ಮಕ್ಕಳಿಗೆ, ಸೀತಾಫಲ, ಸೀಬೆ, ಕಡಲೆಕಾಯಿಗಳ ಕಾಲ.

ತಂದೆಯವರು ಶಾಲೆಯ ಮೇಷ್ಟರು. ಶನಿವಾರ ಬೆಳಗಿನ ಶಾಲೆ ಮುಗಿದೊಡನೆ ಬಸ್ಸು ಹತ್ತಿ ಅಜ್ಜಿಯ ಊರು ಸೇರುವುದು, ಭಾನುವಾರ ಕೆರೆಯಾಚೆಯ ತೋಪಿನಲ್ಲಿ ನೆಲ್ಲಿಯ ಮರದಡಿ ವನಭೋಜನ, ಸಂಜೆಗೆ ಮತ್ತೆ ಊರು: ಇದು 1980ರ ದಶಕದಲ್ಲಿ ನಮ್ಮ ಮನೆಯ ಕಾರ್ತಿಕದ ಕ್ರಮ. ಇದಕ್ಕೆ ಅಜ್ಜಿಯ ಆಕ್ಷೇಪ ಉಂಟು. ವನಭೋಜನಕ್ಕೆ ತಿಥಿ ನೋಡಬೇಕು, ಇಲ್ಲವೆ ಸೋಮವಾರವಾಗಬೇಕು. ಭಾನುವಾರವೆಂಬುದು ಯಾವ ಶಾಸ್ತ್ರದ್ದು ಎಂದು ಅವರು ಕೇಳುತ್ತಿದ್ದರು. ತಂದೆಯವರು ನಕ್ಕು, "ಅದು ಸರ್ಕಾರದ ಶಾಸ್ತ್ರ, ಅಮ್ಮ" ಎನ್ನುತ್ತಿದ್ದರು. ಕೊನೆಗೆ ತಿಂಗಳು ಅಜ್ಜಿಯದು, ವಾರ ತಂದೆಯದು ಎಂದು ರಾಜಿಯಾಗಿತ್ತು.

ಆ ರಾಜಿಯ ಹಿಂದೆ ಒಂದು ಚರಿತ್ರೆಯೇ ಇದೆ. ನಮ್ಮ ಹಿರಿಯರ ಬಿಡುವು ಹುಣ್ಣಿಮೆ, ಅಮಾವಾಸ್ಯೆ, ಹಬ್ಬ, ಜಾತ್ರೆಗಳನ್ನು ಅನುಸರಿಸಿ ಬರುತ್ತಿತ್ತು. ಏಳು ದಿನಕ್ಕೊಮ್ಮೆ ಎಲ್ಲರಿಗೂ ಒಟ್ಟಾಗಿ ಬರುವ ರಜೆ ಆಂಗ್ಲರ ಕಚೇರಿ, ಶಾಲೆಗಳೊಡನೆ ಬಂದದ್ದು. ಅದೂ ಎಲ್ಲರಿಗೆ ತಾನಾಗಿ ದೊರೆಯಲಿಲ್ಲ. ಮುಂಬಯಿಯ ಗಿರಣಿಗಳ ಕೂಲಿಕಾರರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಹೋರಾಡಿ, 1890ರಲ್ಲಿ ಭಾನುವಾರದ ರಜೆಯನ್ನು ಪಡೆದರು. ನಾವು ತೋಪಿನಲ್ಲಿ ಕಾಲು ಚಾಚಿ ಕುಳಿತ ಭಾನುವಾರವನ್ನು ಯಾರೋ ದುಡಿದವರು ಬೇಡಿ, ಕಾದು, ಗಳಿಸಿಕೊಟ್ಟಿದ್ದರು. ನನ್ನ ತಾಯಿಗಾದರೋ ಆ ದಿನವೂ ರಜೆಯಿರಲಿಲ್ಲ. ನಾಲ್ಕು ಗಂಟೆಗೆ ಎದ್ದು ಪುಳಿಯೋಗರೆ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಮುತ್ತುಗದ ಎಲೆ ಎಣಿಸಿಟ್ಟರೆ ತಾನೆ ನಮ್ಮ ವನವಿಹಾರ!

ಬುತ್ತಿಯ ಬುಟ್ಟಿಯೊಂದಿಗೆ ನಾವು ಹೋಗುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಗಾಡಿ ಹೊಡೆಯುವಾತನ ಮಗನಿಗೆ ನನ್ನದೇ ವಯಸ್ಸು. ದಾರಿಯುದ್ದಕ್ಕೂ ನಾವಿಬ್ಬರೂ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂರುತ್ತಿದ್ದೆವು. ತೋಪು ಬಂದೊಡನೆ ನಾವು ನೆಲ್ಲಿಯ ಕೆಳಗೆ, ಅವರಿಬ್ಬರು ದೂರದ ಹೊಂಗೆಯ ಕೆಳಗೆ. ಹಾಗೆ ಕೂರಿರೆಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಮ್ಮ ಊಟ ಮುಗಿದ ಮೇಲೆ ಅವರ ಎಲೆಗೆ ಅನ್ನ ಬೀಳುತ್ತಿತ್ತು, ತುಸು ಎತ್ತರದಿಂದಲೇ.

ಊಟವಾದ ಬಳಿಕ ಆ ಹುಡುಗ ತಮ್ಮ ಹೊಲದಿಂದ ಕಿತ್ತು ತಂದ ಕಡಲೆಕಾಯಿ ಗಿಡಗಳನ್ನು ತರಗೆಲೆ ಹೊತ್ತಿಸಿ ಸುಡುತ್ತಿದ್ದ. ಬೂದಿಯಿಂದ ಹೆಕ್ಕಿದ ಬಿಸಿ ಕಾಯಿಗಳನ್ನು ಬೊಗಸೆಯಲ್ಲಿ ತಂದು ಎಲ್ಲರ ಮುಂದೆ ಸುರಿಯುತ್ತಿದ್ದ. ಆಗ ನೆಲ್ಲಿಯೂ ಇಲ್ಲ, ಹೊಂಗೆಯೂ ಇಲ್ಲ. ಎಲ್ಲರದೂ ಒಂದೇ ರಾಶಿ. ಅಜ್ಜಿಯೂ ಅವನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದರು. ನನಗೆ ಬೆರಗು. ಕೇಳಿದರೆ, "ಸಿಪ್ಪೆ ಒಳಗಿರೋದಕ್ಕೆ ದೋಷ ಇಲ್ಲ ಕಣೋ, ತಿನ್ನು" ಎಂದರು.

ಆ ಮಾತು ನನ್ನೊಳಗೆ ಉಳಿಯಿತು. ಮುಂದೆ ಕನ್ನಡ ಶಬ್ದಗಳ ಬೆನ್ನು ಹತ್ತಿ ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಶರತ್ಕಾಲದ ಬುಟ್ಟಿಯಲ್ಲಿದ್ದ ತಿನಿಸುಗಳಲ್ಲಿ ಹೆಚ್ಚಿನವು ಹಡಗು ಹತ್ತಿ ಬಂದ ನೆಂಟರು! ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಅದು ಬಂದಾಗ ನಮ್ಮವರ ಬಳಿ ಅದಕ್ಕೆ ಹೆಸರಿರಲಿಲ್ಲ. ಮೊದಲೇ ಬಲ್ಲ ಕಡಲೆಯ ಹೆಸರನ್ನೇ ಕೊಟ್ಟು ಕಡಲೆಕಾಯಿ ಎಂದರು, ನೆಲಗಡಲೆ ಎಂದರು. ಉತ್ತರ ಕರ್ನಾಟಕದವರು ಶೇಂಗಾ ಎಂದರು. ಸೀಬೆಯೂ ಅದೇ ಖಂಡದ ಕಡೆಯದು. ಅದರ ಇನ್ನೊಂದು ಹೆಸರಾದ ಪೇರಲದಲ್ಲಿ ಪೋರ್ಚುಗೀಸರ 'ಪೇರ' ಎಂಬ ಮಾತು ಇಂದಿಗೂ ಕುಳಿತಿದೆ. ಸೀತಾಫಲಕ್ಕೆ ನಾವು ಜಾನಕಿಯ ಹೆಸರನ್ನೇ ಇಟ್ಟೆವು. ಹಳೆಯ ಶಿಲ್ಪಗಳಲ್ಲಿ ಅದರ ಆಕಾರವನ್ನು ಕಂಡು ವಾದ ಹೂಡಿದವರು ಉಂಟು. ಆದರೂ ಅಮೆರಿಕದ ಉಷ್ಣವಲಯವೇ ಅದರ ತವರೆಂದು ಸಸ್ಯಶಾಸ್ತ್ರ ಹೇಳುತ್ತದೆ. ಆ ಬುಟ್ಟಿಗೆ ನಿಜವಾದ ನೆಲದ ಮಗಳೆಂದರೆ ತಲೆಯ ಮೇಲಿದ್ದ ನೆಲ್ಲಿ.

ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಬಲ್ಲವರಿಗೆ ಈ ಮಾತು ಒಗಟಾಗಿ ತೋರಬಹುದು. ಕಾರ್ತಿಕದ ಕಡೆಯ ಸೋಮವಾರದ ಆ ಪರಿಷೆಗೆ ಒಂದು ಐತಿಹ್ಯವಿದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ಹೊಲಗಳಲ್ಲಿ ಒಂದು ಬಸವ ಕಡಲೆಕಾಯಿ ಮೇಯುತ್ತಿತ್ತು; ರೈತರು ಮೊದಲ ಬೆಳೆಯನ್ನು ಹರಕೆಯಾಗಿ ಒಪ್ಪಿಸಿದರು; ಕೆಂಪೇಗೌಡರು ಗುಡಿ ಕಟ್ಟಿಸಿದರು ಎಂದು. ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿಸಿದ್ದು 1537ರಲ್ಲಿ. ಪೋರ್ಚುಗೀಸರು ಬ್ರೆಜಿಲ್ ಮುಟ್ಟಿದ್ದು 1500ರಲ್ಲಿ, ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಷ್ಟರೊಳಗೆ ಆ ಗಿಡ ಒಳನಾಡಿಗೆ ಬಂದು, ಬಸವ ಮೇಯುವಷ್ಟು ಹೊಲಗಳನ್ನು ತುಂಬಿತೆಂದು ನಂಬುವುದು ಕಷ್ಟ. ಗುಡಿ ಹಳೆಯದು, ಕಥೆ ತರುವಾಯದ್ದು ಎಂದೇ ನನ್ನ ಎಣಿಕೆ. ಇದರಿಂದ ಕಥೆಯ ಬೆಲೆ ಕುಂದುವುದಿಲ್ಲ. ಹೊರಗಿನಿಂದ ಬಂದ ಬೆಳೆಯೊಂದನ್ನು ಮನೆಯದಾಗಿ ಮಾಡಿಕೊಳ್ಳಲು ಜನ ಅದಕ್ಕೊಂದು ಐತಿಹ್ಯವನ್ನು ಉಡುಗೊರೆ ಕೊಟ್ಟರು. ದೇವರ ಬಾಯಿಗೇ ಇಟ್ಟ ಮೇಲೆ ಯಾವುದು ತಾನೆ ಪರದೇಶದ್ದು?

ಇಲ್ಲಿಯೇ ನನ್ನ ಮನಸ್ಸು ತೊಡಕಿಕೊಳ್ಳುವುದು. ಏಳು ಸಮುದ್ರ ದಾಟಿ ಬಂದ ಕಾಯಿಗೆ ಸೋಮವಾರದ ಮರ್ಯಾದೆ ಕೊಟ್ಟೆವು. ಕಾಡುಹಣ್ಣಿಗೆ ಸೀತೆಯ ಹೆಸರಿಟ್ಟೆವು. ಅದೇ ಊರಿನಲ್ಲಿ ಹುಟ್ಟಿ, ಅದೇ ಕೆರೆಯ ನೀರಿನಲ್ಲಿ ಬೆಳೆದ ಹುಡುಗನನ್ನು ಮಾತ್ರ ಇಪ್ಪತ್ತು ಮಾರು ದೂರದ ಮರದಡಿ ಕೂರಿಸಿದೆವು. ಅಸ್ಪೃಶ್ಯತೆಯನ್ನು 1950ರಲ್ಲಿ ಸಂವಿಧಾನ ಅಳಿಸಿಹಾಕಿತ್ತು. 1955ರಲ್ಲಿ ಅದನ್ನು ದಂಡನೀಯವೆಂದು ಸಾರುವ ಕಾನೂನು ಬಂದಿತ್ತು. ಆ ಕಾನೂನಿಗೆ ಮೂವತ್ತು ವರ್ಷ ತುಂಬಿದಾಗಲೂ ನಮ್ಮ ತೋಪಿನಲ್ಲಿ ಎರಡು ಮರಗಳು ಬೇಕಾಗಿದ್ದವು. ಕಡಲೆಕಾಯಿಯ ಸಿಪ್ಪೆ ಮಡಿಯ ಗೋಡೆಯಲ್ಲಿ ಒಂದು ಕಿಂಡಿ ತೆರೆಯಿತು, ನಿಜ. ಆದರೆ ಕಿಂಡಿ ಬಾಗಿಲಲ್ಲ. ಅದರಲ್ಲಿ ಕಾಯಿ ದಾಟೀತು, ಮನುಷ್ಯ ದಾಟಲಾರ.

ಅಜ್ಜಿಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ತಮಗೆ ಕಲಿಸಿದ ಲೆಕ್ಕದೊಳಗೆ ಎಷ್ಟು ಕೈ ಚಾಚಬಹುದೋ ಅಷ್ಟು ಚಾಚಿದರು. ಹತ್ತು ವರ್ಷದ ನಾನು ಎದ್ದು ಹೊಂಗೆಯ ಕೆಳಗೆ ಹೋಗಿ ಕೂರಲಿಲ್ಲವೆಂಬುದನ್ನೂ ಕ್ಷಮಿಸಬಹುದು. ಇಪ್ಪತ್ತನೆಯ ವಯಸ್ಸಿನಲ್ಲಿ, ಶರಣರ ವಚನಗಳನ್ನು ಓದಿ ಪರೀಕ್ಷೆ ಬರೆದವನಾಗಿ, ಅದೇ ತೋಪಿಗೆ ಹೋದಾಗಲೂ ಕೂರಲಿಲ್ಲ. ಆ ವರ್ಷ ಅವನು ತಂದೆಯ ಬದಲು ತಾನೇ ಗಾಡಿ ಹೊಡೆದುಕೊಂಡು ಬಂದಿದ್ದ. ಊಟದ ಹೊತ್ತಿಗೆ ನನ್ನ ಮುಖವನ್ನೊಮ್ಮೆ ನೋಡಿ, ಎತ್ತುಗಳಿಗೆ ನೀರು ಕುಡಿಸುವ ನೆವದಿಂದ ಕೆರೆಯ ಕಡೆಗೆ ಹೋದ. ಅದಕ್ಕೆ ಕ್ಷಮೆಯನ್ನು ನಾನು ಯಾವ ಶಾಸ್ತ್ರದಲ್ಲಿ ಹುಡುಕಲಿ?

ಅಜ್ಜಿ ಈಗಿಲ್ಲ, ಗಾಡಿಯೂ ಇಲ್ಲ. ಕಳೆದ ಕಾರ್ತಿಕದ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಆ ಊರಿಗೆ ಹೋಗಿದ್ದೆ. ಗೆಳೆಯನ ಮನೆಯನ್ನು ವಿಚಾರಿಸಿಕೊಂಡು ಹೋದೆ. ಅವನು ಹೊಲದಲ್ಲಿ ಕಡಲೆಕಾಯಿ ಕೀಳಿಸುತ್ತಿದ್ದ. "ಬನ್ನಿ ಮೇಷ್ಟ್ರೆ" ಎಂದ. ಒಂದು ಹಿಡಿ ಹಸಿಕಾಯಿ ತಂದು ಮಕ್ಕಳ ಕೈಗೆ ಕೊಟ್ಟ. ನಾನು, "ಕಾಯಿ ಸಾಲದು, ಇವತ್ತು ಊಟ ನಿಮ್ಮ ಮನೇಲಿ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮನೆಯ ಕಡೆ ತಿರುಗಿ, ಮುದ್ದೆಗೆ ಇನ್ನಷ್ಟು ಹಿಟ್ಟು ಹಾಕುವಂತೆ ಕೂಗಿ ಹೇಳಿದ.