ಜೀಪಿನ ಹಿಂದಿನ ಮೂರು ಹಲಗೆ

ನಮ್ಮ ಸೇಡಂ ಮನೆಯ ಅಟ್ಟದ ಮೇಲೆ ಮೂರು ಹಲಗೆಗಳಿವೆ. ಒಂದೊಂದರ ಮೂಲೆಯಲ್ಲೂ ಕೆಂಪು ಬಣ್ಣದಿಂದ 1, 2, 3 ಎಂದು ಬರೆದಿದೆ. ಬರೆದವಳು ನಾನೇ. ಮಕ್ಕಳ ನೋಟ್‌ಬುಕ್ ತಿದ್ದುವ ಕೈಗೆ ಕೆಂಪು ಬಿಟ್ಟು ಬೇರೆ ಬಣ್ಣ ಹೊಳೆಯುವುದಿಲ್ಲ. ಪ್ರತಿ ದೀಪಾವಳಿಗೆ ಅಟ್ಟ ಝಾಡಿಸುವಾಗ "ಇವನ್ನ ಒಗದುಬಿಡೋಣೇನು?" ಎಂಬ ಮಾತು ಬರುತ್ತದೆ. ಇನ್ನೂ ಒಗೆದಿಲ್ಲ.

ಈಚೆಗೆ ಅಣ್ಣನ ಮಗ ಹೊಸ ಗಾಡಿ ತಂದ. ಅದರ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಹೋಗುತ್ತದಂತೆ. ಕೆಸರು, ಕಲ್ಲು, ಹಳ್ಳ ಯಾವುದಕ್ಕೂ ಅಂಜುವುದಿಲ್ಲವಂತೆ. "ಅತ್ತಿ, ಹಿಂದಿನ ಸೀಟು ತಗದು ಮಲಗೋ ಜಾಗಾ ಮಾಡ್ತೀನಿ. ಕೆಳಗ ಸಾಮಾನು, ಮ್ಯಾಲ ಹಾಸಿಗಿ" ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ. ಇಂಥದೊಂದು ವಿಚಾರ ಲೋಕದಲ್ಲಿ ತನಗೇ ಮೊದಲು ಹೊಳೆದದ್ದು ಎಂಬ ಹಾಗಿತ್ತು ಅವನ ಮುಖ. ನನಗೆ ಅಟ್ಟದ ಹಲಗೆಗಳು ನೆನಪಾದವು. ಅವಕ್ಕಿಂತ ಮೊದಲು ಆಯಿಯ ಬಂಡಿ ನೆನಪಾಯಿತು.

1970ರ ದಶಕದಲ್ಲಿ ನಮ್ಮ ಕಡೆಯ ರೈತರು ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಆಗ ಆ ಊರಿನ ಹೆಸರು ಗುಲ್ಬರ್ಗಾ. ಹೋಳಿಯಾದ ಐದನೆಯ ದಿನ ತೇರು. ಎತ್ತಿನ ನಡಿಗೆಯಲ್ಲಿ ಒಂದೇ ದಿನಕ್ಕೆ ಮುಟ್ಟುವ ದಾರಿಯಲ್ಲ. ಮಳಖೇಡದ ಹತ್ತಿರ ಕಾಗಿಣಾ ಹೊಳೆಯ ದಂಡೆಗೆ ಬಂಡಿ ಬಿಟ್ಟು ರಾತ್ರಿ ಕಳೆಯಬೇಕು. ನೃಪತುಂಗನ ರಾಜಧಾನಿ ಮಾನ್ಯಖೇಟ ಅದೇ ಊರು ಎಂದು ಆಮೇಲೆ ಪಾಠ ಮಾಡುವಾಗ ತಿಳಿದುಕೊಂಡೆ. ಆಗ ನನಗದು ಸೊಳ್ಳೆ ಕಚ್ಚುವ ಊರು, ಅಷ್ಟೆ.

ಆ ಬಂಡಿಯನ್ನು ಸಜ್ಜು ಮಾಡುತ್ತಿದ್ದವಳು ಆಯಿ. ಗಂಡಸರು ಗಾಲಿಗೆ ಎಣ್ಣೆ ಹಾಕಿ, ಕಮಾನು ಬಿಗಿದು, ಮೇಲೆ ತಟ್ಟಿ ಹೊದಿಸಿ ಕೈ ತೊಳೆದುಕೊಂಡರೆ ಒಳಗಿನ ಕೆಲಸ ಆಯಿಯದು. ತಳಕ್ಕೆ ಜೋಳದ ಕಣಿಕಿ, ಅದರ ಮೇಲೆ ಗೋಣಿತಟ್ಟು, ಮೇಲೆ ಎರಡು ಕೌದಿ. ಭಾರವಾದ ಜೋಳದ ಹಿಟ್ಟಿನ ಚೀಲ, ನೀರಿನ ಕೊಡ ಅಚ್ಚಿನ ನೇರಕ್ಕೆ. ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ. ಮುಂದೆ ಭಾರವಾದರೆ ಹೆಗಲು ಹುಣ್ಣಾಗುತ್ತದೆ. ಇದನ್ನು ಆಯಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಬುತ್ತಿಯ ಗಂಟು, ಚಹಾದ ಪುಡಿ, ಬೆಲ್ಲ, ಕಡ್ಡಿಪೆಟ್ಟಿಗೆ ಮಾತ್ರ ಒಳಗೆ ಇಡುತ್ತಿರಲಿಲ್ಲ. ಬಂಡಿಯ ಹೊಟ್ಟೆಯ ಕೆಳಗೆ ಹಗ್ಗದ ಜಾಳಿಗೆಯೊಂದು ತೂಗುತ್ತಿತ್ತು, ಎತ್ತಿನ ಮೇವಿಗೆಂದು. ಅದರ ಹಿಂದಿನ ಮೂಲೆಯನ್ನು ಆಯಿ ತನ್ನ ಅಡುಗೆಮನೆ ಮಾಡಿಕೊಂಡಿದ್ದಳು. ಕಾರಣ ಕೇಳಿದರೆ, "ನಸುಕಿನ್ಯಾಗ ಏಳಾಕಿ ನಾನು. ಚಾ ಕಾಸಾಕ ಮಲಗಿದ ಕೂಸಿನ್ನ ಯಾಕ ಎಬ್ಬಸ್ಲಿ?" ಎನ್ನುತ್ತಿದ್ದಳು.

ಹೊರೆಯನ್ನೂ ಹಾಸಿಗೆಯನ್ನೂ ಒಂದೇ ಕಡೆ ಹೊಂದಿಸಿ ದಾರಿಯಲ್ಲೇ ಬಾಳುವ ವಿದ್ಯೆ ನಮ್ಮ ನೆಲದಲ್ಲಿ ಬಂಡಿಗಿಂತ ಹಳೆಯದು. ಚಿಂಚೋಳಿಯ ಗುಡ್ಡಗಳಲ್ಲಿ, ಸೇಡಂ ಚಿತ್ತಾಪುರಗಳ ಸುತ್ತ ಇರುವ ತಾಂಡಾಗಳ ಲಂಬಾಣಿ ಜನರ ಹಿರಿಯರು ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪು ಹೊರಿಸಿಕೊಂಡು ದಖ್ಖನದ ಉದ್ದಗಲ ತಿರುಗಿದವರು. 1632ರಲ್ಲಿ ಇಂಗ್ಲೆಂಡಿನ ವ್ಯಾಪಾರಿ ಪೀಟರ್ ಮಂಡಿ ಉತ್ತರ ಹಿಂದುಸ್ತಾನದ ದಾರಿಯಲ್ಲಿ 14,000 ಎತ್ತುಗಳ ಒಂದು ತಾಂಡಾ ಕಂಡೆನೆಂದು ಬರೆದಿಟ್ಟಿದ್ದಾನೆ. ಅದೇ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಲೆಕ್ಕ ಕೊಡುತ್ತಾನೆ. ಹೆಂಡತಿ ಮಕ್ಕಳೆಲ್ಲ ಜೊತೆಗೇ. ರಾತ್ರಿ ಬೀಡು ಬಿಟ್ಟಾಗ ಎತ್ತಿನ ಬೆನ್ನಿನಿಂದ ಇಳಿಸಿದ ಗೋಣಿಗಳನ್ನೇ ಗೋಡೆಯಂತೆ ಒಟ್ಟಿ, ಮೇಲೊಂದು ಬಟ್ಟೆ ಎಳೆದು, ಆ ಆಸರೆಯಲ್ಲಿ ಮಲಗುತ್ತಿದ್ದರು. ಹಗಲಿಗೆ ಸರಕಾದದ್ದು ರಾತ್ರಿಗೆ ಮನೆ. ಮೊಗಲರ ದಂಡಿಗೂ ಆಮೇಲೆ ಇಂಗ್ಲಿಷರ ದಂಡಿಗೂ ಅನ್ನ ಮುಟ್ಟಿಸಿದ್ದು ಇದೇ ಗೋಣಿಗಳು. ಸೇನಾಪತಿಗಳ ಹೆಸರು ಬರೆದ ಇತಿಹಾಸಕ್ಕೆ ಆ ಗೋಣಿಗಳನ್ನು ಸಂಜೆ ಇಳಿಸಿ, ಒಟ್ಟಿ, ಬೆಳಗ್ಗೆ ಮತ್ತೆ ಕಟ್ಟಿದ ಹೆಂಗಸರು ಕಾಣಲಿಲ್ಲ. ಪಠ್ಯಪುಸ್ತಕದಲ್ಲೂ ಇಲ್ಲ, ನಾನು ಬಾಯಿಂದಲೇ ಹೇಳಿಕೊಡುತ್ತೇನೆ.

ಈ ಬದುಕನ್ನು ನಿಲ್ಲಿಸಿದ್ದು ರೈಲು. 1871ರಲ್ಲಿ ಮುಂಬಯಿಯ ಕಡೆಯ ಹಳಿ ಮದ್ರಾಸಿನ ಕಡೆಯ ಹಳಿಗೆ ರಾಯಚೂರಿನಲ್ಲಿ ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರಿನ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಸಾವಿರ ಎತ್ತುಗಳ ಹೊರೆಯನ್ನು ಒಂದು ಗೂಡ್ಸ್ ಗಾಡಿ ಎಳೆದುಕೊಂಡು ಹೋಯಿತೆಂದರೆ ಹೇರೆತ್ತು ಯಾರಿಗೆ ಬೇಕು? ತಾಂಡಾ ಎಂಬ ಮಾತಿಗೆ ಸಾಗುವ ಸಾಲು ಎಂಬ ಅರ್ಥ ಹೋಗಿ ಒಂದೇ ಕಡೆ ನೆಲೆಯೂರಿದ ಓಣಿ ಎಂಬ ಅರ್ಥ ಉಳಿಯಿತು. ಆ ತಾಂಡಾಗಳ ಜನ ಇವತ್ತಿಗೂ ಕೂಲಿಗೆಂದು ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುವಾಗ ಕ್ರೂಸರಿನ ತಲೆಯ ಮೇಲೆ ಪಾತ್ರೆ, ಜೋಳದ ಚೀಲ ಹೇರಿ, ಒಳಗೆ ಕಾಲಡಿಯ ಗಂಟುಗಳ ಮೇಲೆ ಮಕ್ಕಳನ್ನು ಮಲಗಿಸುತ್ತಾರೆ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಆ ತಿಂಗಳುಗಳ ಸಾಲು ಖಾಲಿಯಾಗಿರುತ್ತದೆ.

ಇನ್ನು ಜೀಪು. ಅದು ಯುದ್ಧದ ಕೂಸು. 1940ರಲ್ಲಿ ಅಮೆರಿಕದ ಸೈನ್ಯ ದಾರಿಯಿಲ್ಲದ ಕಡೆ ಓಡುವ ಹಗುರ ಗಾಡಿ ಬೇಕೆಂದು ಕೇಳಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ನಮ್ಮಲ್ಲಿ ಮಹೀಂದ್ರಾ ಕಂಪನಿ 1949ರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪು ಜೋಡಿಸಿತು. ಹಳ್ಳಿಗಳಿಗೆ ಜೀಪು ಬಂದದ್ದು ಸರ್ಕಾರದ ಜೊತೆಗೆ: ಬಿ.ಡಿ.ಓ. ಜೀಪು, ದವಾಖಾನೆಯ ಜೀಪು. ಕೆಂಪು ತ್ರಿಕೋನ ಬರೆದ ಕುಟುಂಬ ಯೋಜನೆಯ ಜೀಪಿನ ಸದ್ದಾದರೆ ನಮ್ಮ ಓಣಿಯ ಹೆಂಗಸರು ಹಿತ್ತಲಿಗೆ ಓಡುತ್ತಿದ್ದರು. ಅದರಲ್ಲಿ ಮಲಗುವ ವಿಚಾರ ದೂರವೇ ಉಳಿಯಿತು. ಮೊದಲಿನ ಜೀಪಿನ ಒಟ್ಟು ಉದ್ದ ಹನ್ನೊಂದು ಅಡಿ. ಮುಂದಿನ ಸೀಟು ಬಿಟ್ಟರೆ ಹಿಂದೆ ಎಂಟು ವರ್ಷದ ಹುಡುಗಿಯೂ ಕಾಲು ಚಾಚಲಾರಳು.

ಹೊರದೇಶಗಳಲ್ಲಿ ಅಷ್ಟರಲ್ಲಾಗಲೇ ಇದು ದಂಧೆಯಾಗಿತ್ತು. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಇಟ್ಟು ತೆಗೆಯಬಹುದಾದ ಮರದ ಪೆಟ್ಟಿಗೆ ಮಾಡಿತು: ರಜೆಗೆ ಮಂಚ, ಉಳಿದ ದಿನ ಸರಕಿನ ಗಾಡಿ. ಅದೇ ಕಾಲಕ್ಕೆ ಬಾರ್ಬರಾ ಟಾಯ್ ಎಂಬಾಕೆ ಪಾಲಿಯಾನಾ ಎಂದು ಹೆಸರಿಟ್ಟ ಲ್ಯಾಂಡ್‌ರೋವರಿನಲ್ಲಿ ಒಬ್ಬಳೇ ಉತ್ತರ ಆಫ್ರಿಕದ ಮರುಭೂಮಿ ದಾಟಿ ಬಾಗ್ದಾದಿನವರೆಗೆ ಹೋದಳು. ಒಬ್ಬಳೇ! ನಾನು ಬಿ.ಎಡ್. ಪರೀಕ್ಷೆಗೆ ಗುಲ್ಬರ್ಗಾಕ್ಕೆ ಹೋಗುವಾಗ ಜೊತೆಗೆ ಮಾಮಾ ಬಂದಿದ್ದ.

ನಮ್ಮ ಅಣ್ಣ ಸಂತೆಯಿಂದ ಸಂತೆಗೆ ಸ್ಟೀಲು ಪಾತ್ರೆ ಮಾರುತ್ತಿದ್ದ. ಚಿಂಚೋಳಿ, ಸುಲೇಪೇಟ, ಕಾಳಗಿ, ಚಿತ್ತಾಪುರ. ರಾತ್ರಿ ಉಳಿಯಲು ಎಲ್ಲ ಕಡೆ ಲಾಡ್ಜು ಎಲ್ಲಿಯದು? 1991ರಲ್ಲಿ ಹಳೆಯದೊಂದು ಉದ್ದನೆಯ ಜೀಪು ಕೊಂಡ. ಹಿಂದೆ ಎದುರುಬದುರು ಎರಡು ಬಾಕು, ನಡುವೆ ಕಾಲಿಡುವ ಗುಂಡಿ, ಮೇಲೆ ತಾಡಪತ್ರಿ. ಬೆಸುಗೆ ಕೆಲಸಕ್ಕೆ ಶಹಾಬಾದಿಗೆ ಒಯ್ದ. ಅಲ್ಲಿ ಸಿಮೆಂಟು ಕಾರ್ಖಾನೆ, ಬಾಯ್ಲರಿನ ಕಾರ್ಖಾನೆ ಇದ್ದುದರಿಂದ ಕಬ್ಬಿಣ ಬಲ್ಲ ಕೈಗಳಿಗೆ ಬರವಿರಲಿಲ್ಲ. ಬಾಕು ಕಿತ್ತು, ಎರಡೂ ಬದಿಯ ಗಾಲಿಯ ಗೂಡುಗಳ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಮೇಲೆ ಹಲಗೆ ಹಾಸುವ ಯೋಜನೆ. ಗೂಡಿಗಿಂತ ತಗ್ಗಿಸಿದರೆ ಅಗಲ ಸಾಲದು. ಒಂದು ಗೇಣು ಎತ್ತರಿಸಿದರೆ ಎದ್ದು ಕೂತವರ ತಲೆ ಮೇಲಿನ ಕಂಬಿಗೆ ಬಡಿಯುತ್ತದೆ. ಉದ್ದ ಒಂದಡಿ ಕಡಿಮೆ ಬಿತ್ತು. ಹಿಂದಿನ ಬಾಗಿಲನ್ನು ಸರಪಳಿಯಲ್ಲಿ ಅಡ್ಡ ಇಳಿಸಿ ಅದರ ಮೇಲೆ ಮೂರನೆಯ ಹಲಗೆ ಚಾಚುವುದೆಂದಾಯಿತು.

ಅಣ್ಣ ಮೊದಲು ಮಾಡಿಸಿದ್ದು ದೊಡ್ಡ ಸಂದೂಕದಂಥ ವ್ಯವಸ್ಥೆ. ಒಂದೇ ಅಖಂಡ ಹಲಗೆ, ಅದೇ ಮುಚ್ಚಳ, ಎತ್ತಿದರೆ ಕೆಳಗೆ ಸಾಮಾನು. ಊರಿಗೆಲ್ಲ ತೋರಿಸಿದ. ಅವ್ವ ಒಂದು ಸುತ್ತು ನೋಡಿ, "ಇದರ ಮ್ಯಾಲ ಮಲಗಿದ ಮ್ಯಾಲ ಸ್ಟೋ ಹ್ಯಾಂಗ ತಗೀಬೇಕು?" ಎಂದಳು. ಮಲಗಿದವರು ಇಳಿಯಬೇಕು ಎಂದ ಅಣ್ಣ. "ಮಳಿ ಬಂದ್ರ?" ಅಣ್ಣ ಸುಮ್ಮನಾದ. "ವಾಡಿ ಸ್ಟೇಷನ್ನಿಗೆ ಹೋಗಿ ರೈಲಿನ ಬರ್ತ್ ನೋಡಿ ಬಾ. ಟ್ರಂಕು ತಗಿಯಾಕ ಯಾರನ್ನಾರ ಎಬ್ಬಸ್ತಾರೇನು?"

ಆ ಹಲಗೆಯನ್ನು ಹೆಂಗಸರಿಬ್ಬರು ಸೇರಿದರೂ ಎತ್ತಲಾಗುತ್ತಿರಲಿಲ್ಲ ಎಂಬುದು ನನ್ನ ತಕರಾರು. ಹೀಗೆ ಒಂದು ಹೋಗಿ ಮೂರಾಯಿತು, ಮೇಲಿನ ಮುಚ್ಚಳ ಹೋಗಿ ಹಿಂದಿನಿಂದ ಎಳೆಯುವ ಎರಡು ಖಾನೆಗಳಾದವು. ಅವ್ವ ಗಾಲಿಗೂಡಿನ ಉಬ್ಬಿಗೆ ಸರಿಯಾಗಿ ಮೂಲೆ ಕತ್ತರಿಸಿದ ಕೌದಿ ಹೊಲಿದಳು. ಅಣ್ಣ ಇವತ್ತಿಗೂ ಇದೆಲ್ಲ ತನ್ನ ತಲೆಯೆಂದೇ ಹೇಳುತ್ತಾನೆ.

ಆದರೂ ಒಂದು ತಪ್ಪು ಉಳಿದಿತ್ತು. ಮುಂದಿನ ಸೀಟಿಗೂ ಖಾನೆಗಳಿಗೂ ನಡುವೆ ತಡೆ ಇರಲಿಲ್ಲ. 1992ರ ಬೇಸಿಗೆಯಲ್ಲಿ ಮೋತಕಪಲ್ಲಿಗೆ ಹೊರಟಾಗ ಎಮ್ಮೆಯೊಂದು ಅಡ್ಡ ಬಂತು. ಅಣ್ಣ ಬ್ರೇಕು ತುಳಿದ. ಗಾಡಿ ನಿಂತಿತು, ಪಾತ್ರೆಯ ಕಬ್ಬಿಣದ ಟ್ರಂಕು ನಿಲ್ಲಲಿಲ್ಲ. ಮುಂದಿನ ಸೀಟಿನ ಸಂದಿಯಿಂದ ಬಂದು ಅವ್ವನ ಮೊಣಕಾಲಿಗೆ ಬಡಿಯಿತು. ಮೂಳೆ ಮುರಿಯಲಿಲ್ಲ, ಆದರೆ ಆ ಕಾಲು ಕೊನೆಯವರೆಗೂ ಚಳಿಗಾಲದಲ್ಲಿ ನೋಯುತ್ತಿತ್ತು. ಮರುದಿನವೇ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಬಿತ್ತು, ಒಂದೊಂದು ಟ್ರಂಕಿಗೂ ಪಟ್ಟೆ ಬಂತು. ಆಯಿಯ ಬಂಡಿಗೆ ಬ್ರೇಕು ಇರಲಿಲ್ಲ ಎನ್ನುವುದು ನಮಗೆ ಆಗ ನೆನಪಾಗಬೇಕೇ!

1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ. ಹಿಂದಿನ ದಿನ ಗಣಪತಿ ಕಳಿಸಿ ಜನ ದಣಿದು ಮಲಗಿದ್ದರು. ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ನಮ್ಮ ಮನೆಯ ಪಾತ್ರೆಗಳೂ ಸದ್ದು ಮಾಡಿದವು. ಅಲ್ಲಿ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲಿನ ಮಣ್ಣಿನ ಮಾಳಿಗೆ ಎಂದು ಪತ್ರಿಕೆಗಳಲ್ಲಿ ಓದಿದಾಗ ನಾವು ತಲೆಯೆತ್ತಿ ನಮ್ಮ ಮಾಳಿಗೆ ನೋಡಿದೆವು. ಅದೂ ಅಂಥದೇ. ನಮ್ಮ ಓಣಿ ಪೂರ್ತಿ ಅಂಥದೇ.

ಆಮೇಲಿನ ಒಂಬತ್ತು ರಾತ್ರಿ ನಾವು ಬಯಲಲ್ಲಿದ್ದೆವು. ಗಂಡಸರಿಗೆ ಕಟ್ಟೆ, ಗುಡಿಯ ಅಂಗಳ, ಎಲ್ಲಾದರೂ ನಡೆಯುತ್ತದೆ. ಹೆಂಗಸರು ಎಲ್ಲಿ ಮಲಗಬೇಕು? ಅತ್ತಿಗೆ ಬಾಣಂತಿ; ಅವಳ ಕೂಸಿಗೆ ಇಪ್ಪತ್ತು ದಿನ. ಜೀಪನ್ನು ಗೋಡೆಗಳಿಂದ ದೂರ, ಖಾಲಿ ಹೊಲದ ಅಂಚಿಗೆ ನಿಲ್ಲಿಸಿ ಅಣ್ಣ ಪಾತ್ರೆಯನ್ನೆಲ್ಲ ಇಳಿಸಿದ. ಎರಡು ಹಲಗೆಯ ಮೇಲೆ ಅತ್ತಿಗೆ ಮತ್ತು ಕೂಸು, ಮೂರನೆಯದರ ಮೇಲೆ ಕಾಲು ಮಡಚಿಕೊಂಡು ನಾನು. ತಾಡಪತ್ರಿಯ ಎರಡೂ ಬದಿ ಒಂದು ಗೇಣು ತೆರೆದಿರಬೇಕು, ಎಂಜಿನ್ ಚಾಲೂ ಮಾಡಿ ಯಾರೂ ಒಳಗೆ ಮಲಗಕೂಡದು ಎಂದು ಅಣ್ಣನ ಕಟ್ಟಪ್ಪಣೆ. ಮುಚ್ಚಿದ ಗಾಡಿಯಲ್ಲಿ ಹೊಗೆಯ ವಿಷ ವಾಸನೆಯಿಲ್ಲದೆ ಕೊಲ್ಲುತ್ತದೆಂದು ಯಾವುದೋ ಮೆಕ್ಯಾನಿಕ್ ಅವನಿಗೆ ಹೇಳಿದ್ದ, ಸರಿಯಾಗಿಯೇ ಹೇಳಿದ್ದ. ಪ್ರತಿ ನಸುಕಿನಲ್ಲಿ ಅವ್ವ ಸದ್ದಿಲ್ಲದೆ ಹಿಂದಿನ ಖಾನೆ ಎಳೆದು, ಸ್ಟೋ ದೂರ ಒಯ್ದು, ಬಾಣಂತಿಗೆ ನೀರು ಕಾಸುತ್ತಿದ್ದಳು. ಕೂಸು ಒಂದು ದಿನವೂ ಆ ಸದ್ದಿಗೆ ಏಳಲಿಲ್ಲ.

ಆ ಕೂಸೇ ಈಗ ಗಾಡಿ ತಂದವನು. ಅವನಿಗೆ ಇದನ್ನೆಲ್ಲ ಹೇಳಿದೆ. "ನಾನು ಇದರಾಗ ಮಲಗಿದ್ದೇನು!" ಎಂದು ಅಟ್ಟ ಹತ್ತಿ ಹಲಗೆ ಇಳಿಸಿದ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿ, ಒಂದು ರಾತ್ರಿ 4.1ರಷ್ಟು ಕಂಪಿಸಿ, ಜನ ಮನೆ ಬಿಟ್ಟು ಬಯಲಿಗೆ ಬಂದದ್ದು ಅವನಿಗೆ ಗೊತ್ತಿತ್ತು. ಅಲ್ಲಿನ ಹೆಂಗಸರು ಎಲ್ಲಿ ಮಲಗಿದರು ಎಂದು ಅವನು ಯೋಚಿಸಿರಲಿಲ್ಲ.

ಗಾಡಿಯ ಮೈ ಕತ್ತರಿಸಿ ಬೆಸೆಯುವುದು ಈಗ ಅಷ್ಟು ಸಲೀಸಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡ ಬರುತ್ತದೆ. ಕಂಪನಿ ಕೊಟ್ಟ ರೂಪವನ್ನು ಬದಲಾಯಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ಗಟ್ಟಿಯಾಗಿ ಹೇಳಿದೆ. ಆದ್ದರಿಂದ ಏನನ್ನೂ ಕತ್ತರಿಸದೆ, ಇಟ್ಟು ತೆಗೆಯುವ ಹಾಗೆ ಮಾಡು, ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಂಡು ಬಾ ಎಂದೆ. ಅವನು ತಂದ ನಕ್ಷೆ ನೋಡಿದೆ. ಚೆಂದವಾಗಿತ್ತು. ಖಾನೆಯ ಮುಚ್ಚಳ ಮಾತ್ರ ಮೇಲಕ್ಕೆ ತೆರೆಯುತ್ತಿತ್ತು.

ಹೊಸ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ನಸುಕಿನ್ಯಾಗ ಚಾ ಯಾರು ಮಾಡೋರು?" ಎಂದು ಕೇಳಿದೆ. ಅವಳು ಅವನ ಕಡೆ ಕೈ ತೋರಿಸಿದಳು. ಅವನು ಸ್ವಲ್ಪ ಹೊತ್ತು ನಕ್ಷೆ ನೋಡಿ, ರಬ್ಬರು ಕೇಳಿದ.